ಯುದ್ಧ ಇದೆ, ಕಾರ್ಯಕ್ರಮವೂ ಇದೆ

(ಬದಿಯಡ್ಕದ ಹತ್ತಿರದ ಒಂದು ವಾಚನಾಲಯದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ನಡುನಡುವೆ ತುಳು, ಮಲಯಾಳ ಎಲ್ಲ ಬಂದಿತ್ತು. ಬರೆಯುವಾಗ ಅದನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ.)

ವೇದಿಕೆಯ ಮೇಲಿನ ಹಿರಿಯರಿಗೆ, ಅಕ್ಕಂದಿರಿಗೆ, ಕುರ್ಚಿ ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತಿರುವ ಮಕ್ಕಳಿಗೆ ನಮಸ್ಕಾರ.

ಯುದ್ಧದ ಕಾಲದಲ್ಲಿ ಕಲಾವಿದರು ಏನು ಮಾಡುತ್ತಾರೆ ಅನ್ನುವ ವಿಷಯ ಕೊಟ್ಟಿದ್ದೀರಿ. ನಾನು ಯುದ್ಧ ಕಂಡವನಲ್ಲ. ನಮ್ಮ ಕಾಸರಗೋಡಿನವರಿಗೆ ಯುದ್ಧದ ನೆನಪು ಅಂದರೆ ಹೆಚ್ಚಾಗಿ ಕುವೈತ್. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಅಲ್ಲಿಗೆ ನುಗ್ಗಿತು. ಸುಮಾರು 1 ಲಕ್ಷ 70 ಸಾವಿರ ಭಾರತೀಯರು ಎಲ್ಲ ಬಿಟ್ಟು ಹೊರಟರು. ಹೆಚ್ಚಿನವರು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ವಿಮಾನದಲ್ಲಿ ಊರಿಗೆ ಬಂದರು. ಆ ವರ್ಷದ ಕಥೆ ಇಲ್ಲಿ ಎಷ್ಟೋ ಮನೆಗಳಲ್ಲಿ ಈಗಲೂ ಊಟಕ್ಕೆ ಕೂತಾಗ ಬರುತ್ತದೆ. ಅದು ಬಿಟ್ಟರೆ ನಮಗೆ ಗೊತ್ತಿರುವುದು ಯಕ್ಷಗಾನದ ಯುದ್ಧ. ಕುಂಬಳೆಯ ಪಾರ್ತಿಸುಬ್ಬನ ಊರಿನವರು ನಾವು. ರಾತ್ರಿಯಿಡೀ ಕುರುಕ್ಷೇತ್ರ ಆಡಿ, ಬೆಳಿಗ್ಗೆ ಮಂಗಳ ಹಾಡಿ, ಬಣ್ಣ ತೆಗೆದು ಮನೆಗೆ ಹೋಗುವವರು.

ಆದರೆ ಒಂದು ಕೆಲಸ ನನಗೆ ಗೊತ್ತು. ಊರಿನ ತಾಳಮದ್ದಳೆ ಸಂಘದ ಕಾರ್ಯದರ್ಶಿಯಾಗಿ ಚಾಪೆ ಹಾಸಿ, ಮೈಕಿನವನಿಗೆ ಮುಂಗಡ ಕೊಟ್ಟು, ಅರ್ಥಧಾರಿಗಳ ಹಿಂದೆ ಫೋನ್ ಹಿಡಿದು ಓಡಾಡಿದವನು. ಹಾಗಾಗಿ ಯುದ್ಧದ ನಡುವೆ ನಡೆದ ಒಂದು ಸಂಗೀತ ಕಛೇರಿಯ ಬಗ್ಗೆ ಓದಿದರೆ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಕುರ್ಚಿ ಯಾರು ತಂದರು? ಕರೆಂಟ್ ಇಲ್ಲದಾಗ ಬೆಳಕಿಗೆ ಏನು ಮಾಡಿದರು? ಕಲಾವಿದರಿಗೆ ಕೊಟ್ಟದ್ದು ಎಷ್ಟು? ಮರುದಿನವೂ ಕಾರ್ಯಕ್ರಮ ಇತ್ತಾ? ಈ ಕೊನೆಯ ಪ್ರಶ್ನೆಯೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಒಂದು ದಿನದ ಸಾಹಸ ಪತ್ರಿಕೆಯಲ್ಲಿ ಫೋಟೊ ಆಗಿ ಬರುತ್ತದೆ. ಒಂದು ಊರು ಕಲೆಯನ್ನು ಉಳಿಸಿಕೊಳ್ಳುವುದು ಮಾತ್ರ ಹೇಳಿದ ದಿನ, ಹೇಳಿದ ಹೊತ್ತಿಗೆ ಮತ್ತೆ ಮತ್ತೆ ಕಾರ್ಯಕ್ರಮ ನಡೆಸುವವರಿಂದ.

2025ರ ಮೇ 7ರಂದು ದೇಶದಾದ್ಯಂತ ಅಣಕು ಕಾರ್ಯಾಚರಣೆ ಆಯಿತು, ಸೈರನ್ ಕೂಗಿಸಿದರು, ನೆನಪಿದೆ ಅಲ್ವಾ? ಆ ವಾರ ಐಪಿಎಲ್ ಕೂಡ ನಿಂತಿತು. ಯುದ್ಧದ ವಾಸನೆ ಬಂದರೆ ಸಾಕು, ಮೊದಲು ರದ್ದಾಗುವುದು ಇಂಥದ್ದೇ. "ಈಗ ಇದೆಲ್ಲ ಬೇಕಾ" ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಲಂಡನ್ನಿನಲ್ಲಿ ಆದದ್ದೂ ಹಾಗೆಯೇ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಸರಕಾರ ತಕ್ಷಣ ಸಿನಿಮಾ ಟಾಕೀಸು, ನಾಟಕಶಾಲೆ ಎಲ್ಲ ಮುಚ್ಚಿಸಿತು. ಒಂದೇ ಕಡೆ ಸೇರಿದ ಜನರ ಮೇಲೆ ಬಾಂಬ್ ಬಿದ್ದರೆ ಗತಿಯೇನು ಅನ್ನುವ ಭಯ. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಊರಿಂದ ಹೊರಗೆ ಸಾಗಿಸಿದರು. ಕೊನೆಗೆ ಅವು ವೇಲ್ಸಿನ ಒಂದು ಕಲ್ಲುಗಣಿಯ ಹೊಟ್ಟೆ ಸೇರಿದವು.

ಆಗ ಮೈರಾ ಹೆಸ್ ಎಂಬ ಪಿಯಾನೊ ವಾದಕಿ ಗ್ಯಾಲರಿಯ ನಿರ್ದೇಶಕ ಕೆನೆತ್ ಕ್ಲಾರ್ಕ್ ಹತ್ತಿರ ಹೋದರು. ಕಟ್ಟಡ ಹೇಗೂ ಖಾಲಿ ಇದೆ, ಒಮ್ಮೊಮ್ಮೆ ಕಛೇರಿ ಇಟ್ಟುಕೊಳ್ಳಬಹುದಾ ಅಂತ ಕೇಳಿದರು. ಒಮ್ಮೊಮ್ಮೆ ಯಾಕೆ, ದಿನಾ ಮಾಡಿ ಅಂದರು ಕ್ಲಾರ್ಕ್. ಇಂಥ ಕಟ್ಟಡದ ಯಜಮಾನರು ಸಿಗುವುದು ಎಷ್ಟು ಅಪರೂಪ ಅಂತ ಹಾಲ್ ಕೇಳಿಕೊಂಡು ತಿರುಗಿದವರಿಗೇ ಗೊತ್ತು. ರಾತ್ರಿ ಊರೆಲ್ಲ ದೀಪ ಆರಿಸಬೇಕಿತ್ತು. ಹಾಗಾಗಿ ಮಧ್ಯಾಹ್ನ 1 ಗಂಟೆಗೆ, ಊಟದ ಬಿಡುವಿನಲ್ಲಿ ಕಛೇರಿ. ಟಿಕೆಟ್ ಒಂದು ಶಿಲ್ಲಿಂಗ್. 1939ರ ಅಕ್ಟೋಬರ್ 10ರಂದು ಮೊದಲನೆಯದು. ಹೆಚ್ಚು ಜನ ಬರಲಿಕ್ಕಿಲ್ಲ ಅಂತ ಕಾದಿದ್ದವರಿಗೆ ಸಾವಿರದಷ್ಟು ಜನ ಸಾಲು ನಿಂತದ್ದು ಕಾಣಿಸಿತು. ಆಮೇಲೆ ಸೋಮವಾರದಿಂದ ಶುಕ್ರವಾರದವರೆಗೆ, ವಾರ ವಾರ, 1946ರ ಏಪ್ರಿಲ್‌ವರೆಗೆ ನಡೆಯಿತು. ಒಟ್ಟು 1,698 ಕಛೇರಿ.

ಈ ಲೆಕ್ಕ ನೋಡಿದಾಗ ನನಗೆ ಸಂಗೀತಕ್ಕಿಂತ ವ್ಯವಸ್ಥೆಯೇ ಅದ್ಭುತ ಅನ್ನಿಸಿತು. ದೊಡ್ಡ ಹೆಸರಿನವರಾಗಲಿ, ನಿನ್ನೆ ಕಲಿತು ಬಂದವರಾಗಲಿ, ಎಲ್ಲ ಕಲಾವಿದರಿಗೂ ಒಂದೇ ಸಂಭಾವನೆ. ಪಕ್ಕದಲ್ಲಿ ಕ್ಯಾಂಟೀನ್. ಅಲ್ಲಿಯ ಜೇನು, ಒಣದ್ರಾಕ್ಷಿ ಹಾಕಿದ ಸ್ಯಾಂಡ್‌ವಿಚ್ ಊರಿಗೇ ಪ್ರಸಿದ್ಧ. ಆಫೀಸಿನವರು, ಸೈನಿಕರು ತಿಂದುಕೊಂಡೇ ಕೇಳುತ್ತಿದ್ದರು. ಬಾಂಬ್ ದಾಳಿ ಜೋರಾದಾಗ ಮೇಲಿನ ಗಾಜಿನ ಗುಮ್ಮಟದ ಕೆಳಗೆ ಕೂರುವಂತಿರಲಿಲ್ಲ, ಕಛೇರಿ ನೆಲಮಾಳಿಗೆಗೆ ಇಳಿಯಿತು. ಒಂದು ದಿನ ಕಟ್ಟಡದೊಳಗೇ ಸಿಡಿಯದ ಬಾಂಬ್ ಸಿಕ್ಕಿತು. ರದ್ದು ಮಾಡಲಿಲ್ಲ. ಆದಷ್ಟು ದೂರದ ಇನ್ನೊಂದು ಕೋಣೆಗೆ ಕುರ್ಚಿ ಹೊತ್ತರು, ಅಷ್ಟೇ. ಮತ್ತೆ, ಅವರು ನುಡಿಸುತ್ತಿದ್ದದ್ದು ಯಾರದ್ದು? ಬಾಖ್, ಬೇಥೋವನ್, ಬ್ರಾಮ್ಸ್. ಎಲ್ಲ ಜರ್ಮನರದ್ದೇ. ಮೇಲಿಂದ ಬಾಂಬ್ ಹಾಕುವವರ ಊರಿನ ಸಂಗೀತ. ಈ ಮಾತಿಗೆ ಆಮೇಲೆ ಬರುತ್ತೇನೆ.

1942ರಲ್ಲಿ ಜನ ಇನ್ನೊಂದು ಬೇಡಿಕೆ ಇಟ್ಟರು. ಸಂಗೀತ ಸಿಕ್ಕಿತು, ಚಿತ್ರವೂ ಬೇಕು ಅಂತ. ಗಣಿಯಿಂದ ತಿಂಗಳಿಗೆ ಒಂದೇ ಒಂದು ಚಿತ್ರ ತಂದು ತೂಗುಹಾಕಿದರು. ರಾತ್ರಿ ಅದನ್ನು ಇಳಿಸಿ ಸುರಕ್ಷಿತ ಜಾಗದಲ್ಲಿಡುತ್ತಿದ್ದರು. ಒಂದೇ ಚಿತ್ರ ನೋಡಲು ಸಾಲು ಸಾಲು ಜನ. ಸಾವಿರ ಚಿತ್ರ ಇದ್ದಾಗ ಯಾವುದನ್ನೂ ಇಷ್ಟು ಹೊತ್ತು ನಿಂತು ನೋಡಿರಲಿಕ್ಕಿಲ್ಲ.

ಲಂಡನ್ ಕಷ್ಟಪಟ್ಟಿತು, ಸರಿ. ಲೆನಿನ್‌ಗ್ರಾಡ್ ಕಥೆ ಬೇರೆಯೇ. ಈಗ ಸೇಂಟ್ ಪೀಟರ್ಸ್‌ಬರ್ಗ್ ಅನ್ನುವ ಊರು. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ ಜರ್ಮನರ ಮುತ್ತಿಗೆ. ಮೊದಲ ಚಳಿಗಾಲದಲ್ಲಿ ಹೆಚ್ಚಿನ ಜನರಿಗೆ ದಿನದ ರೇಷನ್ 125 ಗ್ರಾಂ ಬ್ರೆಡ್. ಅದರಲ್ಲೂ ಹಿಟ್ಟಿಗಿಂತ ಕಲಬೆರಕೆ ಜಾಸ್ತಿ. ಜನ ಬೀದಿಯಲ್ಲಿ ನಡೆಯುತ್ತ ನಡೆಯುತ್ತ ಬಿದ್ದು ಸಾಯುತ್ತಿದ್ದರು.

ಆ ಊರಲ್ಲಿ ಮನೆಮನೆಗೆ ತಂತಿ ಎಳೆದ ರೇಡಿಯೊ ಇತ್ತು. ಕವಯಿತ್ರಿ ಓಲ್ಗಾ ಬೆರ್‌ಗೋಲ್ಟ್ಸ್ ಅದರಲ್ಲಿ ಕವಿತೆ ಓದುತ್ತಿದ್ದರು. ಕೆಲವೊಮ್ಮೆ ಓದಲೂ ಯಾರಿಗೂ ತ್ರಾಣ ಇರುತ್ತಿರಲಿಲ್ಲ. ಆಗ ರೇಡಿಯೊದವರು ಒಂದು ಮೆಟ್ರೊನೋಮ್ ಇಡುತ್ತಿದ್ದರು. ಸಂಗೀತ ಕಲಿಯುವವರು ಲಯ ಹಿಡಿಯಲು ಇಟ್ಟುಕೊಳ್ಳುತ್ತಾರಲ್ಲ, ಟಕ್ ಟಕ್ ಅನ್ನುವ ಯಂತ್ರ, ಅದು. ನಿಧಾನ ಲಯದಲ್ಲಿ ಬಡಿದರೆ ಸದ್ಯಕ್ಕೆ ಅಪಾಯ ಇಲ್ಲ. ಲಯ ಏರಿದರೆ ವಿಮಾನ ಬರುತ್ತಿದೆ, ಅಡಗಿಕೊಳ್ಳಿ. ಇಲ್ಲಿ ಚೆಂಡೆ ಮದ್ದಳೆ ಹಿಡಿದವರು ಕೆಲವರು ಕೂತಿದ್ದೀರಿ. ಊರಿಗೆ ಊರೇ ಹಾಸಿಗೆಯಲ್ಲಿ ಮಲಗಿ ವಿಳಂಬ ಕಾಲವೋ ದ್ರುತ ಕಾಲವೋ ಅಂತ ಕಿವಿಗೊಟ್ಟು ಕೇಳುವುದನ್ನು ಸ್ವಲ್ಪ ಯೋಚಿಸಿ ನೋಡಿ. ಹಾಡು ಇಲ್ಲ, ಮಾತು ಇಲ್ಲ, ಬರೀ ತಾಳ. ಆ ತಾಳ ಕೇಳಿಸುತ್ತಿದ್ದರೆ ರೇಡಿಯೊ ಸ್ಟೇಷನ್ನಿನಲ್ಲಿ ಯಾರೋ ಬದುಕಿದ್ದಾರೆ ಅಂತ ಅರ್ಥ.

ರಷ್ಯಾದ ಸಂಗೀತ ರಚನೆಕಾರ ಶೋಸ್ತಕೋವಿಚ್ ತಮ್ಮ ಏಳನೇ ಸಿಂಫನಿಯನ್ನು, ಅಂದರೆ ದೊಡ್ಡ ವಾದ್ಯವೃಂದ ನುಡಿಸುವ ಕೃತಿಯನ್ನು, ಆ ಊರಿನಲ್ಲೇ ಬರೆಯಲು ಶುರು ಮಾಡಿ, ಕುಯಿಬಿಶೆವ್ ಎಂಬಲ್ಲಿ ಮುಗಿಸಿದ್ದರು. ಅದನ್ನು ಲೆನಿನ್‌ಗ್ರಾಡಿನಲ್ಲೇ ನುಡಿಸಬೇಕು ಅಂತ ತೀರ್ಮಾನ ಆಯಿತು. ಸ್ವರಲಿಪಿ ವಿಮಾನದಲ್ಲಿ ಬಂತು. ನುಡಿಸುವವರು ಯಾರು? ಊರಿನ ದೊಡ್ಡ ವಾದ್ಯವೃಂದವನ್ನು ಮೊದಲೇ ದೂರದ ನೊವೊಸಿಬಿರ್ಸ್ಕ್‌ಗೆ ಕಳಿಸಿಯಾಗಿತ್ತು. ಉಳಿದದ್ದು ರೇಡಿಯೊದ ವಾದ್ಯವೃಂದ, ಎರಡನೇ ಸಾಲಿನದ್ದು. ಅದರ ನಿರ್ದೇಶಕ ಕಾರ್ಲ್ ಎಲಿಯಾಸ್‌ಬರ್ಗ್. ನಡೆಯಲೂ ಆಗದೆ ಅವರನ್ನು ಹಿಮದ ಗಾಡಿಯಲ್ಲಿ ಎಳೆದುಕೊಂಡು ಬರಬೇಕಾಗಿತ್ತು. ಮೂರು ಗಂಟೆಯ ಮೊದಲ ತಾಲೀಮು ಕಾಲು ಗಂಟೆಯಲ್ಲೇ ನಿಂತಿತು. ಕೊಳಲಿನಂಥ ಊದುವ ವಾದ್ಯಗಳಿಗೆ ಉಸಿರು ಬೇಕಲ್ವಾ? ಉಸಿರೇ ಇರಲಿಲ್ಲ. ಆಮೇಲೆ ವಾದಕರಿಗೆ ಹೆಚ್ಚಿನ ರೇಷನ್ ಮಾಡಿಸಿದರು. ಸೈನ್ಯದಲ್ಲಿ ವಾದ್ಯ ಬಲ್ಲವರನ್ನು ರಣರಂಗದಿಂದ ಕರೆಸಿದರು. ಎಲಿಯಾಸ್‌ಬರ್ಗ್ ಮಹಾ ಕಟ್ಟುನಿಟ್ಟು. ತಾಲೀಮಿಗೆ ತಡವಾಗಿ ಬಂದವರ ರೇಷನ್ ಕಡಿಯುತ್ತಿದ್ದರಂತೆ. ಹೆಂಡತಿಯನ್ನು ಮಣ್ಣು ಮಾಡಿ ಬಂದು ತಡವಾದವನಿಗೂ ಬೈಗುಳ ತಪ್ಪಲಿಲ್ಲ ಅಂತ ಒಂದು ಮಾತಿದೆ. ಅದು ನಿಜವಾಗಿದ್ದರೆ ಕ್ರೌರ್ಯ, ಅನುಮಾನ ಇಲ್ಲ. ಹಾಗೆ ಮಾಡದಿದ್ದರೆ ಕಛೇರಿ ಆಗುತ್ತಿತ್ತಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

1942ರ ಆಗಸ್ಟ್ 9ರಂದು ಕಛೇರಿ ಆಯಿತು. ಅದಕ್ಕೆ ಮೊದಲು ಸೋವಿಯತ್ ಫಿರಂಗಿಗಳು ಜರ್ಮನರ ಫಿರಂಗಿಗಳ ಮೇಲೆ ಸುರಿಮಳೆ ಸುರಿಸಿ ಅವುಗಳ ಬಾಯಿ ಮುಚ್ಚಿಸಿದ್ದವು. ಕಛೇರಿಯನ್ನು ಊರಿಗೆಲ್ಲ ಧ್ವನಿವರ್ಧಕದಲ್ಲಿ ಬಿತ್ತರಿಸಿದರು, ಶತ್ರುವಿನ ಕಡೆಗೂ ಕೇಳುವ ಹಾಗೆ. ಯುದ್ಧ ಮುಗಿದು ದೊಡ್ಡ ವಾದ್ಯವೃಂದ ಊರಿಗೆ ಮರಳಿದ ಮೇಲೆ ಎಲಿಯಾಸ್‌ಬರ್ಗ್ ಮೂಲೆಗೆ ಬಿದ್ದರು. ಕಷ್ಟಕಾಲದಲ್ಲಿ ಮೇಳ ನಡೆಸಿದವನನ್ನು ಒಳ್ಳೆಯ ಕಾಲ ಬಂದಾಗ ಚೌಕಿಯ ಹೊರಗೆ ಕೂರಿಸುವುದು ಅಲ್ಲಿಯೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಕಛೇರಿ ಸ್ಟಾಲಿನ್ ಸರಕಾರದ ಪ್ರಚಾರವೂ ಆಗಿತ್ತು. ಕಲೆ ಬದುಕಿದೆ ಅಂತ ತೋರಿಸಿಕೊಳ್ಳಲು ಆಳುವವರಿಗೂ ಆಸೆ ಇರುತ್ತದೆ. ಇದರ ಅತಿ ಕೆಟ್ಟ ಉದಾಹರಣೆ ಟೆರೆಜಿನ್. ಈಗಿನ ಜೆಕ್ ದೇಶದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಊರು ಅದು. ಅಲ್ಲಿ ರಾಫೆಲ್ ಶೆಕ್ಟರ್ ಎಂಬ ಸಂಗೀತಗಾರ ಕೈದಿಗಳನ್ನೇ ಸೇರಿಸಿ, ಇದ್ದ ಒಂದೇ ಪ್ರತಿ ನೋಡಿ, ವೆರ್ದಿಯ ರೆಕ್ವಿಯಮ್ ಎಂಬ ದೊಡ್ಡ ಗಾಯನ ಕೃತಿಯನ್ನು ಬಾಯಿಪಾಠ ಮಾಡಿಸಿದರು. ಮೇಳ ತಯಾರಾಗುವಷ್ಟರಲ್ಲಿ ಅರ್ಧ ಜನರನ್ನು ರೈಲಿಗೆ ಹತ್ತಿಸಿ ಸಾವಿನ ಶಿಬಿರವಾದ ಆಶ್‌ವಿಟ್ಸ್‌ಗೆ ಕಳಿಸುತ್ತಿದ್ದರು. ಶೆಕ್ಟರ್ ಮತ್ತೆ ಹೊಸಬರನ್ನು ಸೇರಿಸುತ್ತಿದ್ದರು. ಮಕ್ಕಳ ಸಂಗೀತ ನಾಟಕ ಒಂದು ಅಲ್ಲಿ 55 ಸಲ ಪ್ರದರ್ಶನ ಕಂಡಿತು. ಪಾತ್ರ ಮಾಡಿದ ಮಗು ರೈಲು ಹತ್ತಿದರೆ ಆ ಪಾತ್ರಕ್ಕೆ ಇನ್ನೊಂದು ಮಗು. 1944ರ ಜೂನ್ 23ರಂದು ರೆಡ್ ಕ್ರಾಸಿನವರು ನೋಡಲು ಬಂದಾಗ ನಾಜಿಗಳು ಇದನ್ನೆಲ್ಲ ತೋರಿಸಿದರು. ನೋಡಿ, ಇಲ್ಲಿ ಹಾಡಿದೆ, ನಾಟಕವಿದೆ, ಎಲ್ಲ ಸುಖವಾಗಿದ್ದಾರೆ ಅಂತ. ಬಂದವರು ನಂಬಿಕೊಂಡು ಹೋದರು. ಆ ಅಕ್ಟೋಬರಿನಲ್ಲಿ ಹೆಚ್ಚಿನ ಕಲಾವಿದರನ್ನು ಆಶ್‌ವಿಟ್ಸ್‌ಗೆ ಸಾಗಿಸಿದರು. ಹಾಗಾದರೆ ಶೆಕ್ಟರ್ ಹಾಡಿಸಿದ್ದು ತಪ್ಪಾ? ನನಗಂತೂ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಹಾಡಿದವರಿಗೆ ಆ ಒಂದು ಗಂಟೆ ಅವರದ್ದೇ ಆಗಿತ್ತು. ನೋಡಲು ಬಂದವರ ಕಣ್ಣು ಸರಿ ಇಲ್ಲದ್ದು ಬೇರೆ ವಿಷಯ.

ನಮ್ಮ ದೇಶಕ್ಕೆ ಬರೋಣ. ಅದೇ ಮಹಾಯುದ್ಧದ ಕಾಲ. ಬಂಗಾಳದಲ್ಲಿ 1943ರ ಬರಗಾಲಕ್ಕೆ ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಯುದ್ಧದ ನೆಪದಲ್ಲಿ ದೋಣಿ, ಅಕ್ಕಿ ಎಲ್ಲ ಸರಕಾರ ಕಿತ್ತುಕೊಂಡದ್ದೂ ಅದಕ್ಕೆ ಕಾರಣ. ಜೈನುಲ್ ಆಬೆದಿನ್ ಎಂಬ ಯುವ ಚಿತ್ರಕಾರ ಕಲ್ಕತ್ತೆಯ ಬೀದಿಯಲ್ಲಿ ಬಿದ್ದವರನ್ನು ಬರೆದರು. ಒಳ್ಳೆ ಕಾಗದಕ್ಕೆ ದುಡ್ಡಿಲ್ಲ. ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ, ಇದ್ದಿಲಿನಿಂದ ತಾವೇ ಮಾಡಿಕೊಂಡ ಕಪ್ಪು ಶಾಯಿಯಲ್ಲಿ ಬರೆದರು. ಚಿತ್ತಪ್ರಸಾದ್ ಎಂಬ ಇನ್ನೊಬ್ಬರು ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದುಕೊಂಡು ಹೋಗಿ ಬರೆದ ಚಿತ್ರಗಳ ಪುಸ್ತಕವನ್ನು ಬ್ರಿಟಿಷರು ಹಿಡಿದು ಸುಟ್ಟರು. 1943ರ ಮೇ 25ರಂದು ಮುಂಬಯಿಯಲ್ಲಿ ಇಪ್ಟಾ ಎಂಬ ಜನರ ನಾಟಕ ಸಂಘ ಹುಟ್ಟಿತು. ಬಂಗಾಳದ ತಂಡಗಳು ಬೇರೆ ಪ್ರಾಂತಗಳಿಗೆ ಹೋಗಿ, ಹಾಡಿ, ನಾಟಕ ಆಡಿ, ಬರಪರಿಹಾರಕ್ಕೆ ದುಡ್ಡು ಕೂಡಿಸಿದವು.

ಶ್ರೀಲಂಕಾದ ಯಾಳ್ಪಾಣಂ ಅಂದರೆ ಜಾಫ್ನಾ ಇನ್ನೂ ಹತ್ತಿರ. ಅಲ್ಲಿಯ ಸಾರ್ವಜನಿಕ ಗ್ರಂಥಾಲಯವನ್ನು 1981ರಲ್ಲಿ ಸುಟ್ಟರು. 97,000 ಪುಸ್ತಕ, ಓಲೆಗರಿ ಎಲ್ಲ ಹೋಯಿತು. 1990ರ ನಂತರ ವರ್ಷಗಟ್ಟಲೆ ಕರೆಂಟ್ ಇಲ್ಲ, ಬ್ಯಾಟರಿ ಸಿಗುವುದಿಲ್ಲ. ಜನ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಪೆಡಲ್ ತಿರುಗಿಸಿ, ಡೈನಮೋದಿಂದ ರೇಡಿಯೊ ಹಾಕುತ್ತಿದ್ದರು. ಒಬ್ಬ ತಿರುಗಿಸುತ್ತಿದ್ದ, ಉಳಿದವರು ಕೇಳುತ್ತಿದ್ದರು.

ಬೋಸ್ನಿಯಾದ ಸರಯೇವೊದ ಮುತ್ತಿಗೆ 1992ರ ಏಪ್ರಿಲಿನಿಂದ 1996ರ ಫೆಬ್ರವರಿವರೆಗೆ. ಆ ಊರು ಅಂದರೆ ಎಲ್ಲರಿಗೂ ನೆನಪಾಗುವುದು ಮುರಿದ ಕಟ್ಟಡದಲ್ಲಿ ಕೂತು ಚೆಲ್ಲೊ ನುಡಿಸಿದ ವೇದ್ರಾನ್ ಸ್ಮೈಲೊವಿಚ್. ಬ್ರೆಡ್ಡಿನ ಕ್ಯೂ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಅವರಿಗಾಗಿ ನುಡಿಸಿದವರು. ದೊಡ್ಡ ಮನಸ್ಸು. ಆದರೆ ಆ ಒಂದು ಫೋಟೊದ ಹಿಂದೆ ಉಳಿದ ಊರು ಮರೆಯಾಯಿತು ಅಂತ ನನ್ನ ತಕರಾರು. ಯುದ್ಧ ಶುರುವಾದ ವರ್ಷವೇ ಅಲ್ಲಿ ಯುದ್ಧದ ಹೆಸರಿನಲ್ಲೇ ಒಂದು ನಾಟಕ ಸಂಸ್ಥೆ ಕಟ್ಟಿದರು. ಇಂದಿಗೂ ಅದು ನಡೆಯುತ್ತಿದೆ. 1993ರ ಆಗಸ್ಟಿನಲ್ಲಿ ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ ಅಲ್ಲಿಗೆ ಹೋಗಿ ಬೆಕೆಟ್‌ನ ನಾಟಕ ಆಡಿಸಿದರು. ಕರೆಂಟ್ ಇಲ್ಲ. ರಂಗದ ಮೇಲೆ ಮೇಣದ ಬತ್ತಿಗಳ ಬೆಳಕು. ನಟರು ದೂರದಿಂದ ಕ್ಯಾನುಗಳಲ್ಲಿ ನೀರು ಹೊತ್ತು, ಮನೆಗೆ ಮುಟ್ಟಿಸಿ, ಆಮೇಲೆ ತಾಲೀಮಿಗೆ ಬರುತ್ತಿದ್ದರು. ಒಂದು ಮಾತು ತಿದ್ದಲು ಆಕೆ ತಾಲೀಮು ನಿಲ್ಲಿಸಿದರೆ ಸಾಕು, ನಟರು ನಿಂತಲ್ಲೇ ರಂಗದ ಮೇಲೆ ಮಲಗಿಬಿಡುತ್ತಿದ್ದರು. ಅಷ್ಟು ಸುಸ್ತು. ಇಡೀ ನಾಟಕ ಆಡಲಾಗದು ಅಂತ ಮೊದಲ ಅಂಕ ಮಾತ್ರ ಆಡಿದರು. ನನಗೆ ಇದು ತುಂಬ ಹಿಡಿಸಿತು. ಇಡೀ ಪ್ರಸಂಗ ಆಗದಿದ್ದರೆ ಒಂದು ಭಾಗ ಆಡೋಣ ಅನ್ನುವುದು ಸಂಘಟಕನ ಮಾತು.

ಈಗ ನಡೆಯುತ್ತಿರುವ ಯುದ್ಧಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ಫೋನಿನಲ್ಲಿ ನೋಡುತ್ತಲೇ ಇದ್ದೀರಿ. ಉಕ್ರೇನಿನ ಮರಿಯುಪೋಲ್ ನಾಟಕಶಾಲೆಯ ಹೊರಗೆ ನೆಲದ ಮೇಲೆ 'ಮಕ್ಕಳು' ಅಂತ ದೊಡ್ಡದಾಗಿ ಬರೆದಿದ್ದರೂ 2022ರ ಮಾರ್ಚ್ 16ರಂದು ಬಾಂಬ್ ಬಿತ್ತು. ಅದೇ ತಿಂಗಳ 26ರಂದು ಖಾರ್ಕಿವ್‌ನಲ್ಲಿ ಪ್ರತಿವರ್ಷದ ಸಂಗೀತೋತ್ಸವ ಶುರುವಾಗಬೇಕಿತ್ತು. ಶುರುವಾಯಿತು, ಮೆಟ್ರೊ ಸ್ಟೇಷನ್ನಿನಲ್ಲಿ. ಕಂಬಳಿ ಹಾಸಿ ಅಲ್ಲೇ ವಾಸ ಮಾಡುತ್ತಿದ್ದ ಜನರ ಮಧ್ಯೆ. ತಾರೀಕು ಬದಲಾಗಲಿಲ್ಲ ಅನ್ನುವುದನ್ನು ಗಮನಿಸಿ.

ನಮ್ಮ ಊರಿಗೂ ಇದಕ್ಕೂ ಏನು ಸಂಬಂಧ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ಕೆಲವರು ಯುದ್ಧಕ್ಕೆ ಹೋಲಿಸುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ, ಶೆಲ್ ಬಿದ್ದವರಿಗೆ ಅವಮಾನ. ಆದರೆ ಕನ್ನಡ ಇಲ್ಲಿ ಉಳಿದ ರೀತಿಯಲ್ಲಿ ಆ ಸಂಘಟಕರ ಪಾಠ ಇದೆ. ಮಂಜೇಶ್ವರದ ಗೋವಿಂದ ಪೈಗಳು, ಕಯ್ಯಾರ ಕಿಞ್ಞಣ್ಣ ರೈಗಳು ದೊಡ್ಡವರು, ಸರಿ. ಅವರ ಜೊತೆಗೆ, ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮನೆ ಚಾವಡಿಗಳಲ್ಲಿ ಕೂಟ ನಡೆಸಿದವರಿದ್ದಾರೆ. ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಹಿಮ್ಮೇಳ, ನಾಲ್ಕು ಜನ ಅರ್ಥಧಾರಿಗಳು, ಒಂದು ದೀಪ. ಕೇಳಲು ಆರು ಜನ ಇದ್ದರೂ ಕೃಷ್ಣ ಸಂಧಾನಕ್ಕೆ ಹೊರಡುತ್ತಾನೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮುಂದಿನ ಸಾಲಿನ ಹಿರಿಯರೊಬ್ಬರು, "ಅಲ್ಲ ಮಾರಾಯ್ರೇ, ಹೊಟ್ಟೆಗಿಲ್ಲದವನಿಗೆ ಪಿಯಾನೊ ಕೇಳಿಸಿದರೆ ಆಯಿತಾ?" ಅಂತ ಕೇಳಿದರು. ಆಗಲಿಲ್ಲ ಅಣ್ಣ. ಅನ್ನ ಕೊಡಬೇಕಾದವರು ಹಾಡು ಕೊಟ್ಟರೆ ಅದು ಮೋಸ. ಆದರೆ ನಾನು ಹೇಳಿದ ಊರುಗಳಲ್ಲಿ ಹಸಿದವರೇ ಟಿಕೆಟ್ ತೆಗೆದು ಬಂದರು. 1995ರಲ್ಲಿ, ಮುತ್ತಿಗೆ ಇನ್ನೂ ಮುಗಿಯದಿರುವಾಗಲೇ, ಸರಯೇವೊದಲ್ಲಿ ಮೊದಲ ಚಲನಚಿತ್ರೋತ್ಸವ ನಡೆಯಿತು. ಸುಮಾರು 15,000 ಜನ ಬಂದರು. ಅವರನ್ನು ಯಾರೂ ಎಳೆದು ತಂದದ್ದಲ್ಲ. ಹಸಿದವನಿಗೆ ಅನ್ನ ಬಿಟ್ಟು ಬೇರೇನೂ ಬೇಡ ಅಂತ ಹೊಟ್ಟೆ ತುಂಬಿದ ನಾವು ಹೇಳುವುದು ಸ್ವಲ್ಪ ಜಾಸ್ತಿ ಆಯಿತು.

ಎರಡನೆಯದು ಕಾಲೇಜಿನ ಹುಡುಗಿಯೊಬ್ಬಳದ್ದು. "ಸರ್, ಲಂಡನ್ನಿನವರು ಜರ್ಮನ್ ಸಂಗೀತ ನುಡಿಸಿದರು ಅಂದಿರಿ. ಉಕ್ರೇನಿನವರು ರಷ್ಯಾದ ಸಂಗೀತ ಬೇಡ ಅನ್ನುತ್ತಾರಲ್ಲ, ಅದು ಸಣ್ಣತನ ಅಲ್ವಾ?" ಒಳ್ಳೆ ಪ್ರಶ್ನೆ. 2022ರಲ್ಲಿ ಉಕ್ರೇನಿನ ಸಂಸತ್ತು ಈ ಕಾಲದ ರಷ್ಯಾದ ಕಲಾವಿದರ ಸಂಗೀತದ ಮೇಲೆ ಸಾರ್ವಜನಿಕವಾಗಿ ನಿರ್ಬಂಧ ಹಾಕಿತು. ಬದಿಯಡ್ಕದಲ್ಲಿ ಫ್ಯಾನಿನ ಕೆಳಗೆ ಕೂತು, ನೀವು ರಷ್ಯಾದ ಹಳೆಯ ಸಂಗೀತಗಾರ ಚೈಕೋವ್‌ಸ್ಕಿ ನುಡಿಸಲೇಬೇಕು ಅಂತ ಖಾರ್ಕಿವ್‌ನವರಿಗೆ ಹೇಳಲು ನಾನು ತಯಾರಿಲ್ಲ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಚಹಾ ಕುಡಿಯುವಾಗ ಮತ್ತೆ ಬಂದಳು. ಹಾಗಾದರೆ ಮೈರಾ ಹೆಸ್ ಮಾಡಿದ್ದು ತಪ್ಪಾ ಅಂತ.

ತಪ್ಪಲ್ಲ. ಲಂಡನ್ನಿನವರು ಬಾಖ್‌ನನ್ನು ತಾವಾಗಿ ಇಷ್ಟಪಟ್ಟು ಕರೆದುಕೊಂಡಿದ್ದರು. ಇಂಗ್ಲಿಷ್ ಬಿಡಿ, ಜರ್ಮನ್ ಕಲಿಯಿರಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಉಕ್ರೇನಿನಲ್ಲಿ ಹಾಗಲ್ಲ. 1876ರಲ್ಲಿ ರಷ್ಯಾದ ಚಕ್ರವರ್ತಿ ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದನ್ನೇ ಹೆಚ್ಚುಕಡಿಮೆ ನಿಷೇಧಿಸಿದ್ದ. ರಂಗದ ಮೇಲೆ ಆ ಭಾಷೆಯ ನಾಟಕವೂ ಕೂಡದು ಅಂದಿದ್ದ. ಇಷ್ಟಪಟ್ಟು ಕಲಿತ ನೆರೆಯ ಭಾಷೆ ಬೇರೆ, ನಿನ್ನದನ್ನು ಬಿಟ್ಟು ಇದನ್ನು ಕಲಿ ಅಂದಾಗ ಕಲಿತದ್ದು ಬೇರೆ. ನಾಲ್ಕು ಭಾಷೆ ಮಾತಾಡುವ ಗಡಿಯ ಹುಡುಗಿ ನೀನು, ಇದನ್ನು ನಾನು ಬಿಡಿಸಿ ಹೇಳಬೇಕಾ ಅಂದೆ. ನಕ್ಕಳು. "ಆದರೂ ಚೈಕೋವ್‌ಸ್ಕಿ ಪಾಪ ಸರ್" ಅಂದಳು.